ಹಿಂದಿನ ಸಾಲಿಗೆ ಕಾಣದ ಮಲ್ಲಿಗೆ

ಮೊದಲ ಪ್ರದರ್ಶನ ಮುಗಿದ ರಾತ್ರಿ ಅತ್ತಿಗೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟಿದ್ದೆ. ಉಡುಪಿಯ ಕಲ್ಸಂಕ ದಾಟುವವರೆಗೆ ಅವರು ನಾಟಕದ ಸುದ್ದಿಯೇ ಎತ್ತಲಿಲ್ಲ. ಅದು ಒಳ್ಳೆಯ ಲಕ್ಷಣ ಅಲ್ಲ ಅಂತ ನನಗೆ ಗೊತ್ತು. ಕೊನೆಗೆ ಕೇಳಿದರು: "ಎಲ್ಲ ಚಂದ ಆಗಿತ್ತು ಮಾರಾಯ. ಆದ್ರೆ ಆ ಅಕ್ಕ ಅಷ್ಟು ಹೊತ್ತು ಕೂತು ಎಂತ ಮಾಡ್ತಾ ಇದ್ದದ್ದು? ಅಕ್ಕಿ ಆರಿಸುವುದಾ?"

ಅಕ್ಕಿ ಅಲ್ಲ, ಮಲ್ಲಿಗೆ. ಆ ಹನ್ನೊಂದು ನಿಮಿಷದ ದೃಶ್ಯದ ಜೀವ ಪೂರ್ತಿ ನಾನು ಇಟ್ಟದ್ದು ಮಲ್ಲಿಗೆ ಕಟ್ಟುವ ಆ ಬೆರಳುಗಳಲ್ಲಿ. ಅತ್ತಿಗೆ ಕೂತದ್ದು ಹನ್ನೆರಡನೇ ಸಾಲು. ಅವರಿಗೆ ಬೆರಳೂ ಕಾಣಲಿಲ್ಲ, ಹೂವೂ ಕಾಣಲಿಲ್ಲ. ಕಂಡದ್ದು ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸು.

ದೃಶ್ಯ ಇಷ್ಟು. ಶಂಕರಪುರದ ಕಡೆಯ ಒಂದು ಮನೆ. ತಾಯಿ ತೀರಿ ವರ್ಷ ತುಂಬಿದೆ. ಮುಂಬಯಿಯಲ್ಲಿರುವ ತಮ್ಮ ಬೆಳಿಗ್ಗೆಯ ಬಸ್ಸಿನಲ್ಲಿ ಬಂದಿಳಿದಿದ್ದಾನೆ, ಮನೆ ಮಾರುವ ಮಾತು ಎತ್ತಬೇಕು. ಮದುವೆಯಾಗದೆ ತಾಯಿಯನ್ನು ನೋಡಿಕೊಂಡು ಅಲ್ಲೇ ಉಳಿದ ಅಕ್ಕ ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾಳೆ. ಮಲ್ಲಿಗೆಯ ಕೆಲಸ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಗಡಿಯಾರದ ಜೊತೆ ಜಗಳ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಿಸಿಲು ಏರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, 4 ಚೆಂಡು ಸೇರಿದರೆ ಒಂದು ಅಟ್ಟೆ. ತಡವಾದರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ತಮ್ಮ ಎಷ್ಟು ದೂರದಿಂದ ಬಂದಿರಲಿ, ಎಂಥ ಮಾತೇ ಆಡಲಿ, ಅವಳ ಕೈ ನಿಲ್ಲುವ ಹಾಗಿಲ್ಲ. ಅವನು "ಮಾರುವ" ಅಂದಾಗ ಮಾತ್ರ ಕೈ ನಿಲ್ಲಬೇಕು. ಮೂರು ಉಸಿರಿನಷ್ಟು ಹೊತ್ತು. ಮತ್ತೆ ಕಟ್ಟಲು ತೊಡಗಬೇಕು. ಅವಳು ಬಾಯಲ್ಲಿ ಹೇಳುವುದು, "ಚಾ ತಣೀತದೆ, ಕುಡಿ" ಎಂದಷ್ಟೆ.

ಇದನ್ನು ಕಾಗದದ ಮೇಲೆ ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆ ಸಲದ ಸ್ಪರ್ಧೆಯ ತೀರ್ಪುಗಾರರೊಬ್ಬರು ನಮ್ಮ ಹಾಳೆಯಲ್ಲಿ "ಎರಡನೇ ದೃಶ್ಯದಲ್ಲಿ ಏನೂ ನಡೆಯುವುದಿಲ್ಲ" ಎಂದು ಬರೆದಾಗ ವಾರವಿಡೀ ಸಿಟ್ಟಿನಲ್ಲಿ ಉರಿದೆ. ನೋಡಲು ಬಾರದವರನ್ನು ಕೂರಿಸಿದರೆ ಹೀಗೇ ಅಂತ ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಅತ್ತಿಗೆಗೆ ನೋಡಲು ಬರುವುದಿಲ್ಲ ಎಂದು ಹೇಳಲು ನನಗೆ ಧೈರ್ಯ ಇಲ್ಲ. ಅವರು ಕಟೀಲು ಮೇಳದ ಯಕ್ಷಗಾನ ಆಟ ನೋಡಿ ಬೆಳೆದವರು.

ನಾನು ಕಸುಬಿನಿಂದ ನಾಟಕದವನಲ್ಲ. ಸಹಕಾರಿ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಸಂಜೆ ಆರರ ಮೇಲೆ ನಾಟಕ. ದೃಶ್ಯವೊಂದನ್ನು ಬಿಡಿಸಿ ನೋಡಬಹುದು ಎಂಬುದು ತಲೆಗೆ ಹೋದದ್ದು ಹೆಗ್ಗೋಡಿನ ಶಿಬಿರದಲ್ಲಿ. 1949ರಲ್ಲಿ ಹುಟ್ಟಿದ ನೀನಾಸಂ ಎಂಬ ನಾಟಕ ಸಂಸ್ಥೆ ಅದು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವಿನ ಹಳ್ಳಿಗೆ ಜಗತ್ತಿನ ಸಿನಿಮಾಗಳನ್ನು ತಂದು, ಓದು ಬರಹ ಇದ್ದವರು ಇಲ್ಲದವರು ಎನ್ನದೆ ಎಲ್ಲರನ್ನೂ ಎದುರು ಕೂರಿಸಿದ್ದರು. ನಾನು ಹೋದದ್ದು ಎಷ್ಟೋ ಕಾಲದ ಮೇಲೆ, ರಜೆಯ ಅರ್ಜಿ ಗೀಚಿ. ಅಲ್ಲಿಂದ ಬರುವಾಗ ಚೀಲದಲ್ಲಿದ್ದದ್ದು ಒಂದು ನೋಟು ಪುಸ್ತಕ, ಅದರಲ್ಲಿ ನಾನೇ ಮಾಡಿಕೊಂಡ ಒಂದು ಲೆಕ್ಕದ ಕ್ರಮ.

ಕ್ರಮ ದೊಡ್ಡದೇನಲ್ಲ. ಒಂದು ದೃಶ್ಯವನ್ನು ಮೂರು ಸಲ ನೋಡುವುದು. ಮೊದಲು ಇದ್ದ ಹಾಗೆ. ಎರಡನೇ ಸಲ ಶಬ್ದ ಬಂದ್ ಮಾಡಿ. ಮೂರನೇ ಸಲ ಕಣ್ಣು ಮುಚ್ಚಿ. ಪ್ರತಿ ಸಲವೂ ಬರೆಯಬೇಕು, ಆದರೆ ಕ್ರಿಯಾಪದ ಮಾತ್ರ. "ದುಃಖಪಟ್ಟಳು" ಎಂದು ಬರೆಯುವ ಹಾಗಿಲ್ಲ, ಅದು ನನ್ನ ಊಹೆ. "ಎದ್ದಳು, ತಿರುಗಿದಳು, ಕಂಬಕ್ಕೆ ಒರಗಿದಳು" ಎಂದು ಬರೆಯಬಹುದು, ಅದು ಕಂಡದ್ದು. ಕೊನೆಗೆ ನಮ್ಮ ಸಂಘದ ರೋಕಡ ಪುಸ್ತಕದ ಹಾಗೆ ಆರಂಭದ ಶಿಲ್ಕು, ಆಖೈರು ಶಿಲ್ಕು. ಶಿಲ್ಕು ಎಂದರೆ ಕೈಯಲ್ಲಿ ಉಳಿದ ಬಾಕಿ. ದೃಶ್ಯ ತೆರೆಯುವಾಗ ಯಾರ ಕೈಯಲ್ಲಿ ಏನಿತ್ತು, ಮುಗಿಯುವಾಗ ಯಾರ ಕೈಯಲ್ಲಿ ಏನು ಉಳಿಯಿತು. ವಸ್ತು ಆಗಬಹುದು, ಅಧಿಕಾರ ಆಗಬಹುದು, ಗುಟ್ಟು ಆಗಬಹುದು. ಎರಡೂ ಶಿಲ್ಕು ಒಂದೇ ಆದರೆ ಆ ದಿನ ವ್ಯಾಪಾರವೇ ಆಗಿಲ್ಲ ಎಂದು ಅರ್ಥ.

ಈ ಕ್ರಮದಲ್ಲಿ ನಾನು ಬಿಡಿಸಿದ ಮೊದಲ ದೃಶ್ಯ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯದ್ದು, 1955ರ ಚಿತ್ರ. ಹರಿಹರ ಬಹಳ ದಿನದ ಮೇಲೆ ಊರಿಗೆ ಬಂದಿದ್ದಾನೆ. ಮಗಳು ದುರ್ಗಾ ಸತ್ತದ್ದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ತಂದ ಸಾಮಾನು ಒಂದೊಂದೇ ಹೊರಗೆ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಕೊನೆಗೆ ಮಗಳಿಗೆಂದು ತಂದ ಸೀರೆ. ಸರ್ವಜಯಾ ಅದನ್ನು ಹಿಡಿದುಕೊಂಡು ಒಡೆದು ಹೋಗುತ್ತಾಳೆ. ಎರಡು ಸಲ ನೋಡಿದಾಗಲೂ ಅವಳು ಕಿರುಚಿ ಅತ್ತದ್ದು ನನ್ನ ಕಿವಿಯಲ್ಲಿತ್ತು. ಮೂರನೇ ಸಲ ಕಣ್ಣು ಮುಚ್ಚಿ ಕೂತೆ. ಕಿರುಚಾಟವೇ ಇಲ್ಲ! ಇರುವುದು ತಾರ್‌ ಶೆಹನಾಯಿ ಎಂಬ ತಂತಿವಾದ್ಯ. ಹೆಂಗಸಿನ ಗಂಟಲನ್ನು ನಿರ್ದೇಶಕ ತೆಗೆದು ಆ ಜಾಗದಲ್ಲಿ ವಾದ್ಯ ಇಟ್ಟಿದ್ದಾನೆ, ನಾನು ಎರಡು ಸಲ ಮೋಸ ಹೋಗಿದ್ದೇನೆ.

ಮೋಸ ಹೋದ ಬೇಸರಕ್ಕಿಂತ ಇದನ್ನು ನಾನು ಎಲ್ಲೋ ನೋಡಿದ್ದೇನೆ ಎಂಬ ಗುಮಾನಿ ಹೆಚ್ಚಾಗಿ ಕಾಡಿತು. ಎರಡು ದಿನ ಬೇಕಾಯಿತು ನೆನಪಾಗಲು. ನಮ್ಮ ಗದ್ದೆಯಲ್ಲೇ ನೋಡಿದ್ದು. ಹರಿಶ್ಚಂದ್ರನ ಪ್ರಸಂಗ, ಲೋಹಿತಾಶ್ವನಿಗೆ ಹಾವು ಕಚ್ಚಿದೆ, ಚಂದ್ರಮತಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ. ಪದ ಹೋಗುತ್ತಿರುವಾಗ ವೇಷದ ಬಾಯಿ ಮುಚ್ಚಿರುತ್ತದೆ. ಅಳುವುದು ಪದ ಹಾಡುವ ಭಾಗವತರು, ಅವಳ ಬೆನ್ನ ಹಿಂದಿನಿಂದ. ಅಳು ವೇಷದ್ದು, ಗಂಟಲು ಭಾಗವತರದ್ದು. ಅವಳ ಮುಖ ನೋಡುತ್ತ ಅವರ ದನಿ ಕೇಳುವಾಗ ಎರಡೂ ಸೇರುವುದು ಎಲ್ಲಿ? ರಂಗಸ್ಥಳದಲ್ಲಂತೂ ಅಲ್ಲ. ಗೋಣಿಚೀಲದ ಮೇಲೆ ಕೂತು ನೋಡುವವನ ಒಳಗೆ. ಬಂಗಾಳದ ಆ ದೃಶ್ಯ ನನಗೆ ಅಷ್ಟು ಬೇಗ ಹತ್ತಿರವಾದದ್ದು ಇದೇ ಕಾರಣಕ್ಕೆ ಇರಬೇಕು. ಹಾಗೆಂದು ರಾಯ್ ಅವರಿಗೆ ಯಕ್ಷಗಾನ ಗೊತ್ತಿತ್ತು ಎಂದೆಲ್ಲ ಕತೆ ಕಟ್ಟುವುದು ಬೇಡ.

ಅತ್ತಿಗೆಯ ಪ್ರಶ್ನೆ ಕೇಳಿದ ಮೇಲೆ ಆ ನೋಟು ಪುಸ್ತಕ ಮತ್ತೆ ಹೊರಗೆ ಬಂತು. ಇಷ್ಟು ವರ್ಷ ಬೇರೆಯವರ ದೃಶ್ಯ ಬಿಡಿಸಿ ಜಾಣ ಅನ್ನಿಸಿಕೊಂಡವನು ನನ್ನದೇ ದೃಶ್ಯಕ್ಕೆ ಒಮ್ಮೆಯೂ ಆ ಲೆಕ್ಕ ಹಾಕಿರಲಿಲ್ಲ. ತಾಲೀಮಿನ ಶಾಲಾಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ, ಬಾಗಿಲಿನಿಂದ ಆಚೆ ಜಗಲಿಯ ತುದಿಗೆ ಹೋಗಿ ಕೂತೆ. ಹೆಚ್ಚುಕಡಿಮೆ ಹನ್ನೆರಡನೇ ಸಾಲಿನ ದೂರ. ಕಿವಿಗೆ ಹತ್ತಿ ತುರುಕಿಕೊಂಡೆ. ಇಬ್ಬರಿಗೂ ದೃಶ್ಯ ಪೂರ್ತಿ ಮಾಡಲು ಹೇಳಿ, ಕಂಡದ್ದನ್ನು ಮಾತ್ರ ಬರೆದೆ. ಪುಟ ಇನ್ನೂ ಇದೆ: "ಅಕ್ಕ ಕೂತಿದ್ದಾಳೆ. ತಮ್ಮ ಬಂದ. ಕುರ್ಚಿಯಲ್ಲಿ ಕೂತ. ಬಾಯಿ ಆಡುತ್ತದೆ. ಬಾಯಿ ಆಡುತ್ತದೆ. ಚಾ ಕುಡಿದ. ಬಾಯಿ ಆಡುತ್ತದೆ. ಎದ್ದ. ಹೋದ. ಅಕ್ಕ ಕೂತಿದ್ದಾಳೆ." ಆರಂಭದ ಶಿಲ್ಕು, ಆಖೈರು ಶಿಲ್ಕು ಒಂದೇ. ತೀರ್ಪುಗಾರರ ಮೇಲಿನ ಸಿಟ್ಟು ಇಳಿದದ್ದು ಅಲ್ಲಿ.

ನಾನು ಮಾಡಿದ ತಪ್ಪು ಈಗ ಸರಳವಾಗಿ ಕಾಣುತ್ತದೆ. ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಕ್ಯಾಮೆರಾ. ಸಿನಿಮಾದಲ್ಲಿ ನೋಡುವವನ ಕುತ್ತಿಗೆ ಸಂಕಲನಕಾರನ ಕೈಯಲ್ಲಿದೆ. ಬೆರಳು ನೋಡು ಅಂದರೆ ಬೆರಳೇ ನೋಡಬೇಕು, ಪರದೆಯ ತುಂಬ ಬೇರೇನೂ ಇಲ್ಲ. ರಂಗದ ಮೇಲೆ ಹಾಗಲ್ಲ. ಕುತ್ತಿಗೆ ಅವರದ್ದೇ. ಅವರು ಬೆರಳು ನೋಡಬಹುದು, ಕುರ್ಚಿ ನೋಡಬಹುದು, ಪಕ್ಕದವರ ಸೀರೆ ನೋಡಬಹುದು. ಅದನ್ನು ತಿರುಗಿಸುವ ಕೆಲಸ ನನ್ನದು.

ಕುತ್ತಿಗೆ ತಿರುಗಿಸುವುದು ಹೇಗೆ ಎಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ. ದೇವಿ ಮಹಾತ್ಮೆಯ ಆಟ. ಚಿಕ್ಕವನಿದ್ದಾಗ ನಡುರಾತ್ರಿಯ ಹೊತ್ತಿಗೆ ನಾನು ನಿದ್ದೆಗೆ ಬಿದ್ದಿರುತ್ತಿದ್ದೆ. ಅಪ್ಪ ಭುಜ ಹಿಡಿದು ಅಲುಗಿಸಿ "ಮಹಿಷಾಸುರ ಬಂದ, ಏಳು" ಅನ್ನುತ್ತಿದ್ದರು. ಕಣ್ಣುಜ್ಜಿಕೊಂಡು ರಂಗಸ್ಥಳ ನೋಡಿದರೆ ಅಲ್ಲಿ ಯಾರೂ ಇಲ್ಲ. ಎಲ್ಲರೂ ಹಿಂದೆ ತಿರುಗಿದ್ದಾರೆ. ಅವನು ಬರುವುದು ಜನರ ನಡುವಿನಿಂದ, ದೊಂದಿಯ ಬೆಂಕಿ, ಕೂಗು, ಚೆಂಡೆ. ವೇಷ ಕಾಣುವ ಮೊದಲು ನಮ್ಮ ಕುತ್ತಿಗೆ ತಿರುಗಿರುತ್ತದೆ, ಹೆದರಿಕೆ ಅಲ್ಲಿಂದಲೇ ಶುರು. ಇಲ್ಲಿಯವರೆಗೆ ಸುರಕ್ಷಿತ ಎಂದುಕೊಂಡು ಕೂತ ಗದ್ದೆಯೇ ಈಗ ಅವನ ದಾರಿ. ಒಂದು ಮಾತೂ ಆಡದೆ ಇಷ್ಟು ಅರ್ಥ ಹುಟ್ಟಿಸಿಯಾಯಿತು.

ತೆರೆ ಕುಣಿತವೂ ಅಷ್ಟೇ. ಇಬ್ಬರು ಹಿಡಿದ ಒಂದು ತುಂಡು ಬಟ್ಟೆ. ಹಿಂದೆ ವೇಷ ಇದೆ ಎಂದು ಎಲ್ಲರಿಗೂ ಗೊತ್ತು. ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ನಡುವಿನದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಗಿರೀಶ ಕಾರ್ನಾಡರು 'ಹಯವದನ'ಕ್ಕೆ ತೆರೆಯನ್ನೂ ಭಾಗವತರನ್ನೂ ಕರೆದುಕೊಂಡದ್ದು ಸುಮ್ಮನೆ ಜಾನಪದದ ಬಣ್ಣ ಹಚ್ಚಲು ಎಂದು ಕೆಲವರು ತಿಳಿದಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಮುಚ್ಚಿಟ್ಟದ್ದರ ಕಡೆಗೇ ಕಣ್ಣು ಹೋಗುತ್ತದೆ ಎಂಬ ಹಳೆಯ ಯುಕ್ತಿ ಅದು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ದೃಶ್ಯಕ್ಕೆ ಪರಿಹಾರ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಕಟಪಾಡಿಯಿಂದ ಒಳಗೆ ಹೋದರೆ ಸಿಗುವ ಒಂದು ನೆಂಟರ ಮನೆಗೆ ಬೆಳಿಗ್ಗೆಯೇ ಹೋಗಬೇಕಾಗಿ ಬಂತು. ಚಾವಡಿಯ ನಡುವೆ ಒದ್ದೆ ಬಟ್ಟೆ ಹರಡಿ ಮೊಗ್ಗು ಸುರಿದಿದ್ದರು. ಮನೆಯ ಹೆಂಗಸರು ಮೂವರು ಸುತ್ತ ಕೂತು ಕಟ್ಟುತ್ತಿದ್ದಾರೆ. ನನಗೆ ಕುರ್ಚಿ ಇದ್ದದ್ದು ಆಚೆ ಬದಿ. ನಾನು ಗೋಡೆಗೆ ಬೆನ್ನು ತಾಗಿಸಿಕೊಂಡು, ಹೂವಿಗೆ ಕಾಲು ತಾಗದ ಹಾಗೆ, ಸುತ್ತು ಬಳಸಿ ಹೋದೆ. ಯಾರೂ ಬಟ್ಟೆ ಸರಿಸಲಿಲ್ಲ, ಸರಿಸುವ ಕ್ರಮವೂ ಇಲ್ಲ. ಕುರ್ಚಿ ಮುಟ್ಟುವಾಗ ಹೊಳೆಯಿತು. ನಾನು ಆಗಷ್ಟೇ ಒಂದು ದೃಶ್ಯದೊಳಗೆ ನಡೆದು ಬಂದಿದ್ದೆ. ಈ ಮನೆಯಲ್ಲಿ ಹೂ ಮೊದಲು, ನೆಂಟ ಆಮೇಲೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕಾಲಿಗೆ ಗೊತ್ತಾಯಿತು.

ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ಹೋದ ಹಾಗೆ. ಭರತನ ನಾಟ್ಯಶಾಸ್ತ್ರದಲ್ಲೂ ಕಕ್ಷ್ಯಾವಿಭಾಗ ಎಂದು ಇದೆ. ಇರುವ ಒಂದೇ ರಂಗವನ್ನು ಕಕ್ಷ್ಯೆಗಳಾಗಿ ಪಾಲು ಮಾಡಿ, ನಡಿಗೆಯಿಂದಲೇ ಜಾಗ ಬದಲಾಯಿತು ಎಂದು ತೋರಿಸುವ ಕ್ರಮ. ಇಷ್ಟು ಅಗ್ಗದ, ಇಷ್ಟು ಬಲದ ಸಾಧನ ಬೇರೆ ಇಲ್ಲ. ಆದರೂ ನಾವು ಹವ್ಯಾಸಿಗಳು ಸೋಫಾ ಸೆಟ್ ಬಾಡಿಗೆಗೆ ತರುತ್ತೇವೆ.

ಹೊಸ ತಾಲೀಮಿನಲ್ಲಿ ಸೋಫಾ ಹೋಯಿತು. ನಡುರಂಗದಲ್ಲಿ ಆರು ಅಡಿ ಉದ್ದದ ಬಟ್ಟೆ. ಈಚೆ ನೆಲದ ಮೇಲೆ ಅಕ್ಕ, ಆಚೆ ಕುರ್ಚಿಯ ಮೇಲೆ ತಮ್ಮ. ಬಾಗಿಲಿನಿಂದ ಕುರ್ಚಿಗೆ ನೇರ ಬಂದರೆ ನಾಲ್ಕು ಹೆಜ್ಜೆ, ಹೂ ಬಳಸಿ ಬಂದರೆ ಹನ್ನೊಂದು. ಅವನು ಚೀಲ ಹಿಡಿದುಕೊಂಡು ಆ ಹನ್ನೊಂದು ಹೆಜ್ಜೆ ಹಾಕುವುದನ್ನು ನೋಡಿದರೆ, ಮನೆಮಗ ನೆಂಟನಾಗಿದ್ದಾನೆ ಎಂದು ಬೇರೆ ಹೇಳಬೇಕಾಗಿಲ್ಲ. "ಎಷ್ಟು ಸಮಯ ಆಯ್ತು ನೀನು ಬರದೆ" ಎಂದು ಶುರುವಾಗುವ ಒಂದಿಡೀ ಪುಟ ಕತ್ತರಿಸಿದೆ.

ಅಭ್ಯಾಸಕ್ಕೆ ಮೊಗ್ಗಿನ ಬದಲು ಮಂಡಕ್ಕಿ ಸುರಿದುಕೊಂಡೆವು. ಬಣ್ಣ, ಗಾತ್ರ ಎಲ್ಲ ಹತ್ತಿರ ಹತ್ತಿರ. ತೊಂದರೆ ಎಂದರೆ ತಾಲೀಮು ಮುಗಿಯುವ ಹೊತ್ತಿಗೆ ಹೂವನ್ನು ಎಲ್ಲರೂ ತಿಂದು ಮುಗಿಸಿರುತ್ತಿದ್ದರು.

ಬಿಳಿ ಬಟ್ಟೆಯ ಮೇಲೆ ಬಿಳಿ ಹೂ ಕಾಣುವುದಿಲ್ಲ ಎಂದು ಗೊತ್ತಾದಾಗ ಗಾಢ ಬಣ್ಣದ್ದು ಬೇಕಾಯಿತು. ಅಕ್ಕನ ಪಾತ್ರ ಮಾಡುವವಳು ಟೀಚರು, ಮನೆಯಿಂದ ಒಂದು ಹಳೆಯ ಕಡುಹಸಿರು ನೂಲಿನ ಸೀರೆ ತಂದು ಮಡಚಿ ಹಾಸಿದಳು. "ನಮ್ಮ ಅಮ್ಮನದ್ದು ಸರ್, ಹಾಳಾದ್ರೂ ಅಡ್ಡಿಲ್ಲ" ಅಂದಳು. ನಾನು ಬೆಪ್ಪನ ಹಾಗೆ ನಿಂತೆ. ಬೆಳಕಿಗೆಂದು ಹುಡುಕಿದ ಬಟ್ಟೆಯಲ್ಲಿ ನಾಟಕವೇ ಸಿಕ್ಕಿತ್ತು. ಆ ಹಾಸಿದ್ದು ತೀರಿಕೊಂಡ ತಾಯಿಯ ಸೀರೆ ಆಗಬೇಕು. ಸೀರೆಯ ಉಪಾಯ ನನ್ನದೇ ಎಂದು ಎರಡು ದಿನ ಹಿಗ್ಗಿದೆ. ಹರಿಹರ ತಂದ ಸೀರೆ ಇಷ್ಟು ವರ್ಷ ನನ್ನ ತಲೆಯ ಅಟ್ಟದಲ್ಲಿ ಕೂತಿತ್ತು ಎಂದು ಮೂರನೇ ದಿನ ಹೊಳೆಯಿತು. ಇರಲಿ, ಕದ್ದದ್ದು ದೊಡ್ಡ ಮನೆಯಿಂದ.

ಆದರೆ ಇದು ತಾಯಿಯದ್ದು ಎಂದು ಜನರಿಗೆ ಗೊತ್ತಾಗುವುದು ಹೇಗೆ? ದೃಶ್ಯದ ಮೊದಲಿಗೇ ಒಂದು ಮಾತು ಬಿತ್ತಿದೆವು. ತಮ್ಮ ಚಾ ಕುಡಿಯುತ್ತ ಸುಮ್ಮನೆ ಎಂಬಂತೆ ಕೇಳುತ್ತಾನೆ, "ಅಮ್ಮನ ಸೀರೆ ಎಲ್ಲ ಎಂತ ಮಾಡಿದೆ?" ಅಕ್ಕ ತಲೆ ಎತ್ತದೆ, "ಉಂಟು. ಉಪಯೋಗಕ್ಕೆ ಬರ್ತದೆ." ಆಮೇಲೆ ಒಂಬತ್ತು ನಿಮಿಷ ಸೀರೆಯ ಸುದ್ದಿ ಇಲ್ಲ. ಹೊರಗೆ ಆಟೋದ ಹಾರ್ನ್. ಅವನ ಮಾತಿನಿಂದ ತಡವಾಗಿ ಅರ್ಧ ಹೂ ಹಾಗೇ ಉಳಿದಿದೆ. ಕಟ್ಟದ ಮೊಗ್ಗನ್ನು ಆಚೆಮನೆಗೆ ಒಯ್ದು ಅವರ ಕೈಯನ್ನೂ ಸೇರಿಸಬೇಕು. ಹೂ ಚೆಲ್ಲದ ಹಾಗೆ ಬಟ್ಟೆ ಎತ್ತಲು ಒಬ್ಬರಿಂದ ಆಗುವುದಿಲ್ಲ, ನಾಲ್ಕು ಮೂಲೆ. ಅವಳು ಎರಡು ಮೂಲೆ ಹಿಡಿದು ಕಾಯುತ್ತಾಳೆ, ಕರೆಯುವುದಿಲ್ಲ. ಮನೆ ಮಾರುವ ಮಾತು ಈಗಷ್ಟೇ ಬಿದ್ದಿದೆ. ಅವನು ಕುರ್ಚಿಯಿಂದ ಇಳಿದು, ಕುಕ್ಕುರುಗಾಲಿನಲ್ಲಿ ಕೂತು, ಉಳಿದ ಎರಡು ಮೂಲೆ ಹಿಡಿಯುತ್ತಾನೆ. ಹುಡುಗನಾಗಿದ್ದಾಗ ಸಾವಿರ ಸಲ ಮಾಡಿದ ಕೆಲಸ ಇರಬೇಕು, ಕೈಗೆ ತಾನಾಗಿ ನೆನಪಿದೆ. ಇಬ್ಬರೂ ಎದ್ದು ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬರುತ್ತಾರೆ. ಅಲ್ಲಿ ಅವನಿಗೆ ಅಂಚು ಕಾಣುತ್ತದೆ.

ಇಲ್ಲಿ ನಾನು ಅವನಿಗೆ ಒಂದು ಮಾತು ಬರೆದಿದ್ದೆ: "ಇದು ಅಮ್ಮನದ್ದಲ್ವಾ?" ತಮ್ಮನ ಪಾತ್ರದವನು ಅದನ್ನು ಗದ್ಗದ ಕಂಠದಲ್ಲಿ ಎಷ್ಟು ಚಂದ ಹೇಳುತ್ತಿದ್ದ ಎಂದರೆ ಪ್ರಾಂಪ್ಟ್ ಮಾಡುವ ಹುಡುಗನಿಗೂ ಕಣ್ಣು ತುಂಬುತ್ತಿತ್ತು. ಒಂದು ವಾರ ಹಾಗೇ ನಡೆಯಿತು. ಆಮೇಲೆ ಕಿವಿಗೆ ಹತ್ತಿ ಹಾಕಿಕೊಂಡು ಜಗಲಿಗೆ ಹೋಗಿ ಕೂತೆ. ಮಾತು ಕೇಳದಿದ್ದರೂ ಅವನು ಅಂಚು ನೋಡಿದ್ದು, ಕೈ ಸಡಿಲವಾದದ್ದು, ನಾಲ್ಕೈದು ಮಂಡಕ್ಕಿ ನೆಲಕ್ಕೆ ಉದುರಿದ್ದು ಕಾಣುತ್ತಿತ್ತು. ಕಂಡದ್ದನ್ನೇ ಮತ್ತೆ ಹೇಳುವುದು ಎಂದರೆ ಒಂದೇ ರಶೀದಿಗೆ ಎರಡು ಸಲ ಸಹಿ ಹಾಕಿದ ಹಾಗೆ. ಮಾತು ತೆಗೆದೆ. "ಸರ್, ನನಗೆ ಈ ನಾಟಕದಲ್ಲಿ ಇದ್ದದ್ದೇ ಒಂದು ಒಳ್ಳೆ ಡೈಲಾಗ್" ಎಂದು ಅವನು ಮೂರು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆಖೈರು ಶಿಲ್ಕು: ನಾಲ್ಕೂ ಮೂಲೆ ಅಕ್ಕನ ಕೈಯಲ್ಲಿ. ಅವಳು ಗಂಟು ಹಿಡಿದು ಹೊರಗೆ ಹೋಗುತ್ತಾಳೆ. ತಮ್ಮ ಬರಿಗೈಯಲ್ಲಿ ನಡುರಂಗದಲ್ಲಿ, ಈಗ ಬಳಸಿ ಹೋಗಲು ಏನೂ ಇಲ್ಲದ ನೆಲದ ಮೇಲೆ. ಆದರೂ ಅವನು ಚೀಲ ತೆಗೆಯಲು ಹೋಗುವಾಗ ಸುತ್ತು ಬಳಸಿಯೇ ಹೋಗುತ್ತಾನೆ. ಇದು ಅವನೇ ತಾಲೀಮಿನಲ್ಲಿ ಮರೆತು ಮಾಡಿದ್ದು. "ಹಾಗೇ ಇರಲಿ" ಅಂದೆ. ಈ ನಾಟಕದಲ್ಲಿ ನನಗೆ ಅತಿ ಇಷ್ಟವಾದ ಹನ್ನೊಂದು ಹೆಜ್ಜೆ ಅವು, ನಾನು ಬರೆದದ್ದಲ್ಲ.

ಎರಡನೇ ಪ್ರದರ್ಶನ ಮಂಗಳೂರಿನಲ್ಲಿ. ಬೆಳಕಿನ ವ್ಯವಸ್ಥೆ ಕೆಟ್ಟಿತ್ತು, ಮೈಕ್ ಕಿರುಚಿತು. ಆದರೂ ದೃಶ್ಯ ಗಟ್ಟಿಯಾಗಿ ನಿಂತಿತು.

ಮರುವರ್ಷ ನನ್ನ ಅಕ್ಕನ ಮಗ, ಕಾಲೇಜಿನಲ್ಲಿ ವಿಡಿಯೋ ಕಲಿಯುವವನು, ಇದನ್ನೇ ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ಎಂದು ಹಟ ಹಿಡಿದ. ನಿಜವಾದ ಚಾವಡಿ, ನಿಜವಾದ ಮಲ್ಲಿಗೆ. ನಮ್ಮ ಹೆಮ್ಮೆಯ ಸೀರೆ ಎತ್ತುವ ಭಾಗವನ್ನು ಎದುರಿನಿಂದ ತೆಗೆದರೆ ನಾಟಕದ ವಿಡಿಯೋ ಹಾಗೆ ಕಂಡಿತು, ಮಾಡಿನಿಂದ ಕೆಳಗೆ ನೋಡಿ ತೆಗೆದರೆ ಜವಳಿ ಅಂಗಡಿಯ ಜಾಹೀರಾತು. ಹನ್ನೊಂದು ಹೆಜ್ಜೆಯಂತೂ ಪೂರ್ತಿ ಸತ್ತುಹೋಯಿತು. ಯಾಕೆಂದರೆ ರಂಗದ ಮೇಲೆ ಸುತ್ತು ಬಳಸುವವನೂ ಬಳಸಲ್ಪಡುವ ಹೂವೂ ಕೂತ ಅಕ್ಕನೂ ಒಟ್ಟಿಗೆ ಕಣ್ಣಿಗೆ ಬೀಳುತ್ತಾರೆ. ಮೊಬೈಲ್ ಅವನ ಹಿಂದೆ ಹೋದ ಕೂಡಲೇ ಅವನು ಬರೀ ನಡೆಯುವವನಾದ.

ಅದೇ, ಮೊದಲ ಪ್ರದರ್ಶನದಲ್ಲಿ ಅಕ್ಕಿ ಆರಿಸಿದ ಹಾಗೆ ಕಂಡ ಬೆರಳುಗಳು ಇಲ್ಲಿ ಎದ್ದು ಕೂತವು. ಉಗುರಿನ ಸಂದಿಯ ಹಸಿರು, ನಾರು ಎಳೆದಲ್ಲಿ ಚರ್ಮದ ಮೇಲೆ ಬಿದ್ದ ಗೆರೆ. "ಮಾರುವ" ಎಂಬ ಮಾತು ಬರುವ ಜಾಗದಲ್ಲಿ ಹುಡುಗನಿಗೂ ನನಗೂ ದೊಡ್ಡ ಚರ್ಚೆ. ಅವನು ಮೊದಲು ತಮ್ಮನ ಮುಖ ತೋರಿಸಿ, ಮಾತು ಮುಗಿದ ಮೇಲೆ ಬೆರಳಿಗೆ ಹೋಗಿದ್ದ. ಹಾಗೆ ನೋಡಿದರೆ ದೃಶ್ಯ ತಮ್ಮನದ್ದು, ಹೇಳಲು ಎಷ್ಟು ಕಷ್ಟಪಟ್ಟ ನೋಡಿ ಎಂಬಂತೆ. ಮುಖವೇ ಬೇಡ, ಬೆರಳಿನ ಮೇಲೆ ನಿಲ್ಲಿಸು, ಮಾತು ಹೊರಗಿನಿಂದ ಬರಲಿ ಅಂದೆ. ಬರೀ ಎರಡು ತುಂಡುಗಳ ಹಿಂದುಮುಂದು. ದೃಶ್ಯ ಅಕ್ಕನದ್ದಾಯಿತು.

ಕುಲೆಶೋವ್ ಎಂಬ ರಷ್ಯದ ನಿರ್ದೇಶಕ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗವನ್ನು ನಾವೂ ಮಾಡಿ ನೋಡಿದೆವು. ನಟನೊಬ್ಬನ ಒಂದೇ ಮುಖ, ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡಿತಂತೆ. ನಮ್ಮ ಅಕ್ಕ ಪಾತ್ರದವಳು ಚಿತ್ರೀಕರಣದ ನಡುವೆ ಕರೆಂಟು ಬರುವುದನ್ನು ಕಾಯುತ್ತ ಕೂತಿದ್ದ ಎಂಟು ಸೆಕೆಂಡಿನ ಮುಖ ನಮ್ಮಲ್ಲಿತ್ತು. ಅದನ್ನು ತಮ್ಮನ ಚೀಲಕ್ಕೆ ಸೇರಿಸಿದರೆ ಅನುಮಾನ. ತಾಯಿಯ ಖಾಲಿ ಈಸಿಚೇರಿಗೆ ಸೇರಿಸಿದರೆ ಶೋಕ. ಮನೆಯವರಿಗೆಲ್ಲ ತೋರಿಸಿದೆವು. "ಖುರ್ಚಿ ನೋಡುವಾಗ ಅವಳ ಅಭಿನಯ ನೋಡಿ, ಕಣ್ಣಲ್ಲೇ ಎಲ್ಲ ಹೇಳ್ತಾಳೆ" ಎಂದು ಅತ್ತಿಗೆ. ಅವಳು ಕಾಯುತ್ತಿದ್ದದ್ದು ಫ್ಯಾನಿಗೆ. ಚಿತ್ರದಲ್ಲಿ ಆ ತುಂಡನ್ನೇ ಇಟ್ಟೆವು.

ಶಬ್ದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಟೋದ ಹಾರ್ನ್ ರಂಗದ ಮೇಲೆ ಬರೀ ಸೂಚನೆಯಾಗಿತ್ತು. ಚಿತ್ರದಲ್ಲಿ ಅದನ್ನು ನಾಲ್ಕು ಸಲ ಇಟ್ಟೆವು, ಪ್ರತಿ ಸಲ ಹತ್ತಿರವಾಗುತ್ತ. ಆಟೋ ಕಡೆಗೂ ಕಾಣುವುದಿಲ್ಲ. ಕಾಣದೆ ಕೇಳುವುದರ ಶಕ್ತಿ ನನಗೆ ಹೊಕ್ಕದ್ದು 'ಚೋಮನ ದುಡಿ'ಯಿಂದ. ಶಿವರಾಮ ಕಾರಂತರು 1933ರಲ್ಲಿ ಬರೆದದ್ದು, ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದ್ದು. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಭೂಮಿ ಕೇಳಿ ಕೇಳಿ ಸೋತವನ ಬಾಯಿಗೆ ಇನ್ನು ಮಾತು ಯಾಕೆ?

ಈಗ ನಾಟಕಕ್ಕೆ ಹಿಂತಿರುಗಿದರೆ, ಅದು ಮುಗಿದಿಲ್ಲ. ಕಳೆದ ಚಳಿಗಾಲದಲ್ಲಿ ಬ್ರಹ್ಮಾವರದ ಹತ್ತಿರ ಒಂದು ಶಾಲೆಯ ಮೈದಾನದಲ್ಲಿ ಆಡಿದೆವು. ಮುಗಿದ ಮೇಲೆ ಎಪ್ಪತ್ತು ದಾಟಿದ ಅಮ್ಮ ಒಬ್ಬರು ಹಿಂದೆ ಬಣ್ಣದ ಕೋಣೆಗೇ ಬಂದರು. ಹೊಗಳಲು ಬಂದದ್ದು ಎಂದುಕೊಂಡು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ. ಟೀಚರಮ್ಮನ ಕೈ ಹಿಡಿದು ತಿರುಗಿಸಿ ನೋಡಿ, "ನೀನು ಇಷ್ಟು ನಿಧಾನ ಕಟ್ಟಿದ್ರೆ ಹೂ ಕಟ್ಟೆಗೆ ಮುಟ್ಟುವಾಗ ಮಧ್ಯಾಹ್ನ ಆಗ್ತದೆ ಮಗಾ. ತಮ್ಮ ಬಂದ ಅಂತ ತಡ ಆದದ್ದಲ್ಲ, ನಿನಗೆ ಕಟ್ಟಲಿಕ್ಕೆ ಬರುವುದಿಲ್ಲ" ಅಂದರು. ಅಲ್ಲೇ ಉಳಿದ ಮೊಗ್ಗು ತೆಗೆದು, ನಾರಿನ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಕಟ್ಟಿ ತೋರಿಸಿದರು. ಎರಡೂ ಕೈ ಒಟ್ಟಿಗೆ ಓಡುತ್ತವೆ, ಕಣ್ಣು ಹೂವಿನ ಮೇಲೆ ಇಲ್ಲ.

ಟೀಚರು 2 ತಿಂಗಳು ಭಾನುವಾರ ಭಾನುವಾರ ಅವರ ಮನೆಗೆ ಹೋಗಿ ಕಲಿತಳು. ಈಗ ಕಾಲು ಚಾಚಿ ಕೂರುತ್ತಾಳೆ, ತಮ್ಮನ ಮುಖವನ್ನೇ ನೋಡುತ್ತಾಳೆ, ಕೈ ತನ್ನಷ್ಟಕ್ಕೆ ಓಡುತ್ತದೆ. ನಾರು ಎಳೆಯುವಾಗ ಮೊಣಕೈ ಹೊರಗೆ ಹಾರುತ್ತದೆ, ಅದು ಹಿಂದಿನ ಸಾಲಿಗೂ ಕಾಣುತ್ತದೆ. "ಮಾರುವ" ಅಂದಾಗ ಮೊಣಕೈ ನಿಲ್ಲುತ್ತದೆ. ಅವಳ ವೇಗಕ್ಕೆ ಹೂ ಬೇಗ ಮುಗಿಯುವ ಕಾರಣ ತಮ್ಮ ಮೊದಲಿನ ಹಾಗೆ ರಾಗ ಎಳೆದು ಮಾತಾಡಲು ಸಮಯವೇ ಇಲ್ಲ, ಹನ್ನೊಂದು ನಿಮಿಷ ಇದ್ದದ್ದು ಎಂಟೂವರೆಗೆ ಇಳಿದಿದೆ. ಅವನಿಗೆ ಇನ್ನೂ ಎರಡು ಡೈಲಾಗ್ ಹೋಯಿತು. ಮೊನ್ನೆಯಿಂದ ಫೋನ್ ಎತ್ತುತ್ತಿಲ್ಲ.